ಶಕುಂತಲಾ ಅಕ್ಕೋರ ಮೂರು ಹೆಸರು

ಬ್ಯಾಡಗಿಯಲ್ಲಿ ಮೂಗು ಮುಚ್ಚಿಕೊಂಡು ಓಡಾಡುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಸುಗ್ಗಿಯಲ್ಲಿ ಮೆಣಸಿನಕಾಯಿ ಚೀಲಗಳು ಮಾರುಕಟ್ಟೆಗೆ ಬಂದು ಬೀಳತೊಡಗಿದರೆ ಇಡೀ ಊರೇ ಸೀನುತ್ತದೆ. ನಮ್ಮ ಶಾಲೆಯ ಚಿತ್ರಕಲೆಯ ಶಿಕ್ಷಕಿ ಶಕುಂತಲಾ ಅಕ್ಕೋರು ಮಾತ್ರ ಆ ಘಾಟಿಗೆ ಜಗ್ಗಿದವರಲ್ಲ. ಅವರು ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದುದು ಕೆಟ್ಟ ಚಿತ್ರ ಕಂಡಾಗ. ನಟನೆಯಲ್ಲ ಅದು. ಹುಬ್ಬು ಗಂಟಾಗುತ್ತಿತ್ತು, ಕೆಳದುಟಿ ಜೋತುಬೀಳುತ್ತಿತ್ತು, ಕೊಳೆತದ್ದೇನೋ ಕಾಲಿಗೆ ತಾಕಿದವರಂತೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಎಂಟನೇ ಇಯತ್ತೆಯಲ್ಲಿ ನಾನು ಬರೆದ ಆಕಳಿಗೆ ಆ ಮರ್ಯಾದೆ ಸಿಕ್ಕಿತು.

"ಮಂಗಲಾ, ಈ ಆಕಳ ನಿಂತೈತೋ, ಯಾರರ ಅಂಟಿಸ್ಯಾರೋ?" ಅಂದರು ಸೆರಗಿನೊಳಗಿಂದಲೇ.

"ನಿಂತೈತ್ರಿ ಅಕ್ಕೋರ."

"ಎಲ್ಲಿ ನಿಂತೈತಿ? ಕಾಲು ನೆಲಕ್ಕ ಹತ್ತೇ ಇಲ್ಲ. ಇಷ್ಟು ಭಾರದ ದನಾ, ಗೊರಸಿನ ಕೆಳಗ ನೆಲಾ ಒತ್ತಬೇಕಲ್ಲ. ಇದು ಹಾರ್ಯಾಡಾಕತ್ತೈತಿ. ಹೇಸಿಗಿ."

ಆಮೇಲೆ ಒಂದು ತಿಂಗಳು ನಮಗೆ ಬರೀ ಕಾಲು ಬರೆಯುವ ಪಾಠ. ದನದ ಕಾಲು, ಕೋಳಿಯ ಕಾಲು, ಚೀಲ ಹೊತ್ತ ಹಮಾಲರ ಕಾಲು. ಮಾರುಕಟ್ಟೆಯ ಗೇಟಿನ ಬಳಿ ಸಾಲಾಗಿ ಕೂತು ನಾವು ಹಮಾಲರ ಹಿಮ್ಮಡಿ ನೋಡುತ್ತಿದ್ದರೆ, ಅವರು ನಾಚಿಕೊಂಡು ಲುಂಗಿ ಇಳಿಬಿಡುತ್ತಿದ್ದರು. "ಇಳಸಬ್ಯಾಡ್ರೋ ಯಪ್ಪಾ, ಮಕ್ಕಳು ಕಲ್ಯಾಕತ್ಯಾವ" ಎಂದು ಅಕ್ಕೋರು ಗದರಿಸಿದರೆ ಮತ್ತೆ ಎತ್ತಿ ಕಟ್ಟುತ್ತಿದ್ದರು.

ಹರೆಯದಲ್ಲಿ ಅವರು ಮುಂಬಯಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಒಂದು ಸಣ್ಣ ಸ್ಟುಡಿಯೋದಲ್ಲಿ ಒಂದು ವರ್ಷ ಕೆಲಸ ಮಾಡಿದ್ದರಂತೆ. ಸಿನಿಮಾಕ್ಕೆ ಮೊದಲು ತೋರಿಸುವ ಜಾಹೀರಾತುಗಳಿಗೆ ಚಿತ್ರ ಬರೆಯುವ ಜಾಗ ಅದು. ದೊಡ್ಡ ಕಲಾವಿದರು ಒಂದು ಚಲನೆಯ ಮೊದಲ ಚಿತ್ರ ಮತ್ತು ಕೊನೆಯ ಚಿತ್ರ ಬರೆದು ಕೊಡುತ್ತಿದ್ದರು. ನಡುವಿನ ಹತ್ತೋ ಹನ್ನೆರಡೋ ಚಿತ್ರಗಳನ್ನು ಹುಡುಗಿಯರು ತುಂಬಬೇಕು. ಒಂದು ಸಾಬೂನಿನ ಜಾಹೀರಾತಿಗೆ ಮೂರು ತಿಂಗಳು ನೊರೆಗುಳ್ಳೆಗಳನ್ನೇ ಬರೆದಿದ್ದರು. ಒಂದು ದಿನ ಮಾಲೀಕ ಆ ಹುಡುಗಿಯರ ಹಾಳೆಗಳಿಗೆಲ್ಲ ತನ್ನ ತಮ್ಮನ ಹೆಸರು ಹಾಕಿಸಿದ. ಇದನ್ನು ಅವರು ನನಗೆ ಹೇಳಿದ್ದು ಒಮ್ಮೆ ಮಾತ್ರ. "ಹೇಸಿಗಿ ಬಂತು, ಬಂದೆ" ಎಂದು ಮುಗಿಸಿದರು. ಬಂದವರು ಬ್ಯಾಡಗಿಯಲ್ಲಿ ಚಿತ್ರಕಲೆಯ ಶಿಕ್ಷಕಿಯಾದರು. ಮದುವೆಯಾಗಲಿಲ್ಲ. ಯಾಕೆಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ.

ನಾನು ಡಿಗ್ರಿ ಮುಗಿಸಿ ಹಾವೇರಿಯ ಒಂದು ಪುಟ್ಟ ದಿನಪತ್ರಿಕೆಗೆ ಸೇರಿದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಪತ್ರಿಕೆಯಲ್ಲಿ ಶನಿವಾರ ಒಂದು ಸಿನಿಮಾ ಪುಟ ಬರುತ್ತಿತ್ತು. ಅದನ್ನು ತುಂಬುವ ಕೆಲಸ ನನ್ನ ತಲೆಗೆ ಬಿತ್ತು. ಬೆಂಗಳೂರಿನ ಪತ್ರಿಕೆಗಳಲ್ಲಿ ಬಂದದ್ದನ್ನೇ ಅಡಿಮೇಲು ಮಾಡಿ ಬರೆಯುತ್ತ ಒಂದು ವರ್ಷ ಕಳೆದೆ. ಆಗ ಅಕ್ಕೋರ ನೆನಪಾಯಿತು. ಮುಂಬಯಿಯ ಕೆಲಸ ಬಿಟ್ಟರೂ ಅದರ ಮೋಹ ಅವರನ್ನು ಬಿಟ್ಟಿರಲಿಲ್ಲ. ತಿಂಗಳಿಗೊಮ್ಮೆ ರಾಣೆಬೆನ್ನೂರಿಗೆ ಹೋಗಿ ಬಸ್ ನಿಲ್ದಾಣದ ಹೊರಗಿನ ಕೈಗಾಡಿಯಲ್ಲಿ ಅನಿಮೇಷನ್ ಚಿತ್ರಗಳ ಸೀಡಿ ಕೊಂಡು ತರುತ್ತಿದ್ದರು.

"ಮೊಮ್ಮಕ್ಕಳಿಗೇನ್ರಿ ಅಕ್ಕೋರ?" ಎಂದು ಗಾಡಿಯವನು ಕೇಳಿದರೆ, "ನನಗ" ಎಂದು ಹೇಳಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ಅಮೆರಿಕದ ದೊಡ್ಡ ಸಿನಿಮಾ ಪ್ರಶಸ್ತಿಯಲ್ಲಿ ಅನಿಮೇಷನ್ ಚಿತ್ರಗಳಿಗೆಂದೇ ಬೇರೆ ವಿಭಾಗವೊಂದು ಆಗತಾನೇ ಶುರುವಾಗಿತ್ತು. ವರ್ಷದಲ್ಲಿ ಬಂದ ಅಷ್ಟೂ ಚಿತ್ರಗಳಲ್ಲಿ ಸಾಮಾನ್ಯವಾಗಿ ಮೂರನ್ನು ಮಾತ್ರ ನಾಮನಿರ್ದೇಶನ ಮಾಡುತ್ತಿದ್ದರು. ಆ ಮೂರು ಯಾವವು ಎಂದು ಅಕ್ಕೋರು ಜನವರಿಯ ಮೊದಲ ವಾರದಲ್ಲೇ ಶಿಕ್ಷಕರ ಕೋಣೆಯಲ್ಲಿ ಹೇಳಿಬಿಡುತ್ತಿದ್ದರು. ಅಲ್ಲಿ ಕೇಳುವವರು ಯಾರೂ ಇರಲಿಲ್ಲ. ನಾನು ಕೇಳಲು ಹೋದೆ.

ಸ್ಟೇಷನ್ ಹತ್ತಿರದ ಅವರ ಎರಡು ಕೋಣೆಯ ಬಾಡಿಗೆ ಮನೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಿಟಕಿ ಮುಚ್ಚಿ, ಟಿವಿಯ ದನಿಯನ್ನು ಪೂರ್ತಿ ಅಡಗಿಸಿ ಕೂರುತ್ತಿದ್ದರು.

"ದನಿ ಬ್ಯಾಡೇನ್ರಿ?" ಎಂದೆ.

"ದನಿ ಇದ್ರ ಮೋಸ ಹೋಗ್ತಿ. ಹಿಂದ ಪಿಟೀಲು ಬಾರಿಸಿ ಅಳಸ್ತಾರ. ಕಾಲು ನೋಡು."

ಪರದೆಯ ಮೇಲೆ ಒಂದು ಒಂಟೆ ಕುಣಿಯುತ್ತಿತ್ತು. ಅದಕ್ಕೆ ಹೆಣ್ಣಿನ ರೆಪ್ಪೆ, ಹಲ್ಲಿನಲ್ಲಿ ಮಿಂಚು. ಅಕ್ಕೋರ ಸೆರಗು ಮೂಗಿಗೇರಿತು. "ಎಲ್ಲಾ ಪ್ರಾಣಿಗೂ ಒಂದ ಕಣ್ಣು, ಒಂದ ನಗಿ. ಕಡೀಕ ಎಲ್ಲಾವೂ ಸಾಲಾಗಿ ನಿಂತು ಕುಣೀತಾವ. ಇವರ ಮನ್ಯಾಗ ಯಾರೂ ಒಂದು ಒಂಟಿ ನೋಡಿಲ್ಲ" ಎಂದು ಬೈಯುತ್ತಲೇ ಹಾಳೆಯಲ್ಲಿ ಆ ಚಿತ್ರದ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದರು.

"ಇಷ್ಟು ಬೈತೀರಿ, ಮತ್ತ ಮೊದಲನೇದು ಇದನ್ನ ಹಾಕೀರಲ್ರಿ?"

"ನನಗ ಹಿಡಿಸೂದು ಬ್ಯಾರೆ, ಅವರು ಆರಿಸೂದು ಬ್ಯಾರೆ. ನೀ ಕೇಳಿದ್ದು ಯಾವುದು?" ಅಂದರು. ಆಮೇಲೆ ಬೆರಳು ಮಡಿಚುತ್ತ ವಿವರಿಸಿದರು. "ಮೂರು ಜಾಗಾ ಅದಾವ. ಒಂದು, ಬಾಳ ಮಂದಿ ನೋಡಿದ್ದಕ್ಕ. ಅವರ ಮನೀ ಹುಡುಗೂರೂ ಅದನ್ನ ನೋಡಿರ್ತಾವ, ಬಿಡಾಕ ಬರಂಗಿಲ್ಲ. ಎರಡನೇದು ಬರಿಯವರೆಲ್ಲಾ ಹೊಗಳಿದ್ದಕ್ಕ. ಹೊಗಳಿದ್ದನ್ನ ಬಿಟ್ರ ತಾವು ದಡ್ಡರು ಅನಸ್ಕೊಂತಾರ. ಇವೆರಡೂ ಹಾಕಿದ ಮ್ಯಾಲೆ ಒಂದೀಟು ನಾಚಿಕಿ ಬರತೈತಿ. ಆ ನಾಚಿಕಿಗೆ ಮೂರನೇದು. ಯಾವುದರ ಪರದೇಶದ್ದು, ಕೈಲೆ ಬರದದ್ದು, ಯಾರೂ ನೋಡಲಾರದ್ದು."

ಮೊದಲೆರಡು ಜಾಗಗಳನ್ನು ತುಂಬುವುದು ಯಾರಿಗಾದರೂ ಆದೀತು. ಅಕ್ಕೋರ ವಿದ್ಯೆ ಇದ್ದದ್ದು ಮೂರನೆಯದರಲ್ಲಿ. ಅಂಥ ಚಿತ್ರ ಎಷ್ಟೋ ಸಲ ರಾಣೆಬೆನ್ನೂರಿನ ಗಾಡಿಗೆ ಬಂದಿರುತ್ತಲೇ ಇರಲಿಲ್ಲ. ಹಾವೇರಿಯ ಇಂಟರ್‌ನೆಟ್ ಅಂಗಡಿಯಲ್ಲಿ ನಾನು ಕಾಗದಕ್ಕೆ ಇಳಿಸಿಕೊಂಡು ಹೋದ ಬೆರಳೆಣಿಕೆಯ ಸ್ಥಿರಚಿತ್ರಗಳಷ್ಟೇ ಆಧಾರ. ಅವನ್ನು ನೆಲದ ಮೇಲೆ ಹರವಿಕೊಂಡು ಗಂಟೆಗಟ್ಟಲೆ ನೋಡುತ್ತಿದ್ದರು. ಆ ವರ್ಷ ಕಣ್ಣು ಕಾಣದ ಒಬ್ಬ ಮೀನುಗಾರನ ಚಿತ್ರದ ಮೇಲೆ ಬೆರಳಿಟ್ಟು, "ಇವನು ನಿಂತಾನ ನೋಡು. ದೋಣಿ ಅಳ್ಳಾಡಿದ್ರ ಇವನ ಮಣಕಾಲಿಗೆ ಗೊತ್ತಾಗತೈತಿ" ಅಂದರು. ಆಗ ಅವರ ಸೆರಗು ಹೆಗಲ ಮೇಲೆಯೇ ಇತ್ತು.

ಶನಿವಾರದ ಪುಟದಲ್ಲಿ ಮೂರೂ ಹೆಸರು ಹಾಕಿದೆ. ಎರಡು ಸರಿಯಾದವು. ಎರಡನೆಯ ಜಾಗದಲ್ಲಿ ತಪ್ಪಿದ್ದರು. ಮುಂದಿನ ವರ್ಷ ಮೂರೂ ಸರಿ. ಅದರ ಮುಂದಿನ ವರ್ಷವೂ ಮೂರೂ ಸರಿ. ಕರ್ಜಗಿಯ ಒಬ್ಬ ಮಾಸ್ತರರು ಪತ್ರ ಬರೆದು, ಆ ಚಿತ್ರಗಳನ್ನು ತಾವು ನೋಡಿಲ್ಲ, ನೋಡುವುದೂ ಇಲ್ಲ, ಆದರೂ ನಮ್ಮ ನೆರೆಯ ತಾಲೂಕಿನ ಹೆಣ್ಣುಮಗಳೊಬ್ಬಳು ಅಮೆರಿಕದವರ ಮನಸ್ಸನ್ನು ಮೊದಲೇ ಓದುವುದು ಹೆಮ್ಮೆಯೆನಿಸುತ್ತದೆ ಎಂದರು. ನಮ್ಮ ಪತ್ರಿಕೆಯ ಮಾಲೀಕರು ಶಿವಯೋಗಪ್ಪನವರು. ಅವರು ಸಿನಿಮಾ ಪುಟದತ್ತ ಕಣ್ಣೆತ್ತಿಯೂ ನೋಡಿದವರಲ್ಲ. ಅವರೂ ನನ್ನನ್ನು ಕರೆದು, "ಅಕ್ಕೋರದು ಒಂದು ಫೋಟೋ ಹಾಕವಾ" ಎಂದರು. ಬಹಳ ಬೇಡಿಕೊಂಡ ಮೇಲೆ ಅಕ್ಕೋರು ಒಂದು ಫೋಟೋ ಕೊಟ್ಟರು. ಆ ಫೋಟೋ ತಂದವಳು ನಾನು.

ಅದೇ ಹೊತ್ತಿಗೆ ಹಾವೇರಿಯಲ್ಲಿ ಅನಿಮೇಷನ್ ತರಬೇತಿ ಕೇಂದ್ರವೊಂದು ತೆರೆಯಿತು. ಆಗ ಊರೂರಲ್ಲೂ ಅದರ ಗಾಳಿ ಬೀಸುತ್ತಿತ್ತು. ಒಂದು ವರ್ಷ ಕಲಿತರೆ ದೊಡ್ಡ ಸ್ಟುಡಿಯೋಗಳಲ್ಲಿ ಕೆಲಸ ಎಂದು ಗೋಡೆಗೋಡೆಯ ಮೇಲೆ ಬರೆಸಿದ್ದರು. ಅದರ ನಿರ್ದೇಶಕ ಹೊರಊರಿನಿಂದ ಬಂದ, ಟೈ ಕಟ್ಟಿದ, ಮಾತಿಗೊಮ್ಮೆ ನಗುವ ಮನುಷ್ಯ. ವಾರವಾರವೂ ನಮ್ಮ ಪತ್ರಿಕೆಗೆ ಅರ್ಧ ಪುಟದ ಜಾಹೀರಾತು ಕೊಡುತ್ತಿದ್ದ. ಒಂದು ಸಂಜೆ ಮರುದಿನದ ಪುಟ ಕಟ್ಟುತ್ತಿದ್ದಾಗ ಆ ಜಾಹೀರಾತಿನಲ್ಲಿ ಅಕ್ಕೋರ ಮುಖ ಕಂಡೆ. ನಾನು ತಂದ ಫೋಟೋವೇ. ಕೆಳಗೆ ದಪ್ಪ ಅಕ್ಷರದಲ್ಲಿ, "ನಮ್ಮ ಕೇಂದ್ರದ ಮಾರ್ಗದರ್ಶಕಿ" ಎಂದಿತ್ತು.

ಅಕ್ಕೋರನ್ನು ಯಾರೂ ಕೇಳಿರಲಿಲ್ಲ ಎಂದು ನನಗೆ ಗೊತ್ತಿತ್ತು. ಪುಟ ಅಚ್ಚಿಗೆ ಹೋಗಲು ಇನ್ನೂ ಎರಡು ಗಂಟೆ ಇತ್ತು. ನಾನು ಪಕ್ಕದ ಕಾಲಮ್ಮಿನ ಅಕ್ಷರದೋಷ ತಿದ್ದುತ್ತ ಕೂತೆ.

ಮರುದಿನ ಅವರು ಶಾಲೆಯಿಂದ ಫೋನ್ ಮಾಡಿದರು.

"ನಾ ಯಾವಾಗ ಮಾರ್ಗದರ್ಶಕಿ ಆದೆ, ಮಂಗಲಾ?"

"ಜಾಹೀರಾತಿನವರದು ಏನೋ ಗಡಬಡಿ ಆಗೇತ್ರಿ ಅಕ್ಕೋರ. ಮುಂದಿನ ವಾರ ಸರಿ ಮಾಡಸ್ತೇನ್ರಿ."

"ಮಾಡಸು" ಎಂದು ಫೋನ್ ಇಟ್ಟರು. ನನ್ನ ಮಾತನ್ನು ನಂಬಿದರು.

ಶಿವಯೋಗಪ್ಪನವರಿಗೆ ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ, "ಆಕಿಗೇನು ಲುಕ್ಸಾನ ಆತು? ಹೆಸರು ಬಂತಿಲ್ಲೋ?" ಎಂದರು. ನಾನು ನನ್ನ ಮೇಜಿಗೆ ವಾಪಸಾದೆ. ಜಾಹೀರಾತು ಅದೇ ಮುಖ ಹೊತ್ತು ಮುಂದಿನ ವಾರವೂ ಬಂತು, ಅದರ ಮುಂದಿನ ವಾರವೂ ಬಂತು. ಮೂರನೆಯ ಸಲ ಅಕ್ಕೋರು ಫೋನ್ ಮಾಡಿದಾಗ ನಾನು ಊಟಕ್ಕೆ ಹೋಗಿದ್ದೇನೆಂದು ಹೇಳಿಸಿದೆ. ಆಮೇಲೆ ಅವರು ಫೋನ್ ಮಾಡಲಿಲ್ಲ. ತಾವೇ ಕೇಂದ್ರಕ್ಕೆ ಪತ್ರ ಬರೆದರಂತೆ. ಅದಕ್ಕೂ ಉತ್ತರ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ದಿನ ಅಕ್ಕೋರು ನೇರ ಪತ್ರಿಕೆಯ ಕಚೇರಿಗೇ ಬಂದರು. ಜತೆಯಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ. ಎಣ್ಣೆ ಹಚ್ಚಿ ಬಿಗಿದ ಜಡೆ, ಎದೆಗೆ ಅವಚಿಕೊಂಡ ಪ್ಲಾಸ್ಟಿಕ್ ಫೈಲು.

"ಈಕಿ ರೇಣುಕಾ. ಕುಪ್ಪೇಲೂರಾಕಿ" ಎಂದರು ಅಕ್ಕೋರು ನನ್ನ ಮೇಜಿನ ಮುಂದೆ ಕೂರುತ್ತ. "ರಾಣೆಬೆನ್ನೂರಾಗ ಬಿ.ಎ. ಎರಡನೇ ವರ್ಷ ಓದಾಕತ್ತಿದ್ಲು. ಬಿಟ್ಟು ಆ ಕೇಂದ್ರಕ್ಕ ಸೇರ್ಯಾಳ. ಯಾಕ ಸೇರಿದಿ, ಹೇಳವಾ ಅಕ್ಕಾಗ."

ಹುಡುಗಿ ನೆಲ ನೋಡುತ್ತ, "ಅಕ್ಕೋರ ಫೋಟೋ ಇತ್ತಲ್ರಿ. ನಮ್ಮ ಚಿಗವ್ವ ಬ್ಯಾಡಗಿ ಸಾಲ್ಯಾಗ ಅಕ್ಕೋರ ಕೈಯಾಗ ಕಲ್ತಾಳ್ರಿ. ಅವರು ಅದಾರ ಅಂದ್ರ ಖರೇನ ಇರಬೇಕು ಅಂತ ಮನ್ಯಾಗ ಕಳಿಸಿದ್ರು" ಎಂದಳು.

"ಫೈಲ್ ತಗಿ. ಆರು ತಿಂಗಳದಾಗ ಏನ್ ಕಲ್ತಿ, ತೋರಸು."

ಒಂದು ಮದುವೆಯ ಆಮಂತ್ರಣ ಪತ್ರಿಕೆ. ಒಂದು ಕಿರಾಣಿ ಅಂಗಡಿಯ ಬಿಲ್ ಪುಸ್ತಕದ ಮಾದರಿ. ಎರಡು ವಿಸಿಟಿಂಗ್ ಕಾರ್ಡ್. ಒಂದು ಸೀಡಿ, ಅದರಲ್ಲಿ ಕೆಂಪು ಚೆಂಡೊಂದು ಪುಟಿಯುತ್ತದೆ ಎಂದಳು. ಚೆಂಡನ್ನು ಅವಳು ಮಾಡಿದ್ದಲ್ಲ, ಎಲ್ಲರಿಗೂ ಅದೇ ಚೆಂಡನ್ನು ನಕಲು ಮಾಡಿ ಕೊಟ್ಟಿದ್ದರು.

"ಚಿತ್ರಾ ಬರಿಸೋದಿಲ್ಲೇನು?" ಎಂದೆ ನಾನು.

"ಪೆನ್ಸಿಲ್ ಬ್ಯಾಡ ಅಂತಾರ್ರಿ. ಎಲ್ಲಾ ಕಂಪ್ಯೂಟರ್ ಬರಿತೈತಿ ಅಂತಾರ. ನಾಕ ಕಂಪ್ಯೂಟರ್ ಅದಾವ್ರಿ, ನಾವು ಮೂವತ್ತು ಮಂದಿ ಅದೇವಿ. ಹೊರಗಿನವರ ಲಗ್ನಪತ್ರಿಕಿ ಬಂದ್ರ ನಮ್ಮ ಕೈಲೇ ಮಾಡಸ್ತಾರ. ಅದ ಪ್ರ್ಯಾಕ್ಟಿಕಲ್ ಅಂತ."

ಅಕ್ಕೋರು ಫೈಲಿನ ಕಡೆ ನೋಡಲಿಲ್ಲ. ಸೆರಗನ್ನೂ ಎತ್ತಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

"ನಿನ್ನೆ ನಮ್ಮ ಮನೀಗೆ ಬಂದಿದ್ಲು. ಓಡೂ ಆಡು ಬರಿ ಅಂದೆ. ಒಂದು ಗೆರೀನೂ ಸರಿ ಬೀಳಲಿಲ್ಲ. ಆರು ತಿಂಗಳಾತಂತ ಪೆನ್ಸಿಲ್ ಹಿಡೀಲಾರದ. ಮೊದಲು ಚಂದ ಬರೀತಿದ್ಲು, ಹಳೇ ವಹಿ ತೋರಿಸಿದ್ಲು. ಮಂಗಲಾ, ನನ್ನ ಮುಖಾ ತೋರಿಸಿ ಇವರನ್ನ ಕರದಾರ. ಆ ಮುಖಾ ಕೊಟ್ಟಾಕಿ ನೀ. ನಾ ಆ ಕೇಂದ್ರದಾಕಿ ಅಲ್ಲ ಅಂತ ನಾಕು ಸಾಲು ಹಾಕು. ಬ್ಯಾರೆ ಏನೂ ಬ್ಯಾಡ."

ಅವರು ಅಲ್ಲಿ ಕೂತಿರುವಾಗಲೇ ಬರೆದೆ. ನಾನು ರೂಢಿಯಂತೆ "ಶ್ರೀಮತಿ" ಎಂದು ಹಾಕಿದ್ದನ್ನು ಅಕ್ಕೋರು ಹೊಡೆದು "ಕುಮಾರಿ" ಮಾಡಿದರು, ಓದಿ ತಲೆಯಾಡಿಸಿದರು, ರೇಣುಕಾಳನ್ನು ಕರೆದುಕೊಂಡು ಹೋದರು. ನಾನು ಆ ಚೀಟಿಯನ್ನು ಒಳಗೆ ಒಯ್ದೆ. ಶಿವಯೋಗಪ್ಪನವರು ಓದಿ ಮೇಜಿನ ಖಾನೆಗೆ ಹಾಕಿದರು. "ಜನವರಿಯಾಗ ಕೇಂದ್ರದವರು ದೊಡ್ಡ ಕಾರ್ಯಕ್ರಮ ಇಟಗೊಂಡಾರ. ಅದು ಮುಗೀಲಿ, ಹಾಕೋಣು."

"ಹೂನ್ರಿ" ಎಂದು ಹೊರಗೆ ಬಂದೆ. ಅಷ್ಟೇ ನಾನು ಮಾಡಿದ ಹೋರಾಟ.

ಜನವರಿಯ ಕಾರ್ಯಕ್ರಮವೆಂದರೆ ಇದು: ಆ ವರ್ಷ ಯಾವ ಮೂರು ಅನಿಮೇಷನ್ ಚಿತ್ರಗಳು ನಾಮನಿರ್ದೇಶನಗೊಳ್ಳುತ್ತವೆ ಎಂದು ಅಕ್ಕೋರು ವೇದಿಕೆಯ ಮೇಲೆ ಹೇಳಬೇಕು. ಮುಂದಿನ ತಂಡದ ಪ್ರವೇಶ ಅಂದೇ ಶುರು. ಅಕ್ಕೋರು ಇದಕ್ಕೆ ಬರುವುದಿಲ್ಲ, ಬರುವುದಿಲ್ಲವೆಂದರೆ ಕಾರ್ಯಕ್ರಮವೇ ಇಲ್ಲ, ನನ್ನ ಪಾಡಿಗೆ ನಾನು ಪಾರಾಗುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಅವರು ಬರುತ್ತೇನೆಂದು ಹೇಳಿ ಕಳಿಸಿದರು.

ಹಾವೇರಿಯ ಒಂದು ಕಲ್ಯಾಣ ಮಂಟಪದಲ್ಲಿ, ಬೆಳಗಿನ ಹನ್ನೊಂದಕ್ಕೆ. ಹಳ್ಳಿಗಳಿಂದ ತಂದೆತಾಯಂದಿರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಕೇಂದ್ರದ ಮೂವತ್ತು ವಿದ್ಯಾರ್ಥಿಗಳು ಒಂದೇ ಬಣ್ಣದ ಅಂಗಿ ತೊಟ್ಟು ಮುಂದಿನ ಸಾಲುಗಳಲ್ಲಿ ಕೂತಿದ್ದರು. ನಿರ್ದೇಶಕ ಅಕ್ಕೋರ ಕೊರಳಿಗೆ ಯಾಲಕ್ಕಿ ಹಾರ ಹಾಕಿದ. ಅಕ್ಕೋರು ಅದನ್ನು ಕೂಡಲೇ ತೆಗೆದು ಮೇಜಿನ ಮೇಲಿಟ್ಟು, ತಮ್ಮ ಬಟ್ಟೆಯ ಚೀಲವನ್ನು ಅದರ ಪಕ್ಕದಲ್ಲಿಟ್ಟುಕೊಂಡು ಎದ್ದರು.

ಮೊದಲು ಒಪ್ಪಿಕೊಂಡ ಕೆಲಸ ಮಾಡಿದರು. ಮೂರೂ ಹೆಸರು ಹೇಳಿ, ಯಾವುದು ಯಾಕೆ ಎಂದು ಹತ್ತು ನಿಮಿಷ ವಿವರಿಸಿದರು. ತಮಗೆ ಅಸಹ್ಯವೆನಿಸಿದ ಮೊದಲನೆಯ ಚಿತ್ರವನ್ನು ಬೈದಾಗ ಸಭೆ ನಕ್ಕಿತು. ಮೂರನೆಯದು ಮುದುಕಿಯೊಬ್ಬಳು ಹಿಮದಲ್ಲಿ ಕತ್ತೆ ಹುಡುಕುವ ಚಿತ್ರ. ಅದನ್ನು ಹೇಳುವಾಗ ಅವರ ದನಿ ಮೆತ್ತಗಾಯಿತು. ಜೋರು ಚಪ್ಪಾಳೆ ಬಿತ್ತು. ನಿರ್ದೇಶಕ ಮೈಕಿಗೆ ಕೈ ಚಾಚಿದ. ಅಕ್ಕೋರು ಕೊಡಲಿಲ್ಲ.

"ಇನ್ನೊಂದು ಮಾತೈತಿ. ಅದಕ್ಕ ನಾ ಬಂದದ್ದು" ಎಂದರು. "ಪೇಪರಿನ್ಯಾಗ ನಾ ಈ ಕೇಂದ್ರದ ಮಾರ್ಗದರ್ಶಕಿ ಅಂತ ಬರಾಕತ್ತೈತಿ. ಅದು ಸುಳ್ಳು. ನನ್ನ ಯಾರೂ ಕೇಳಿಲ್ಲ. ಇಲ್ಲಿ ಚಿತ್ರಾ ಕಲಸೂದಿಲ್ಲ. ನಿಮ್ಮ ಮಕ್ಕಳ ಕೈಲೆ ಲಗ್ನಪತ್ರಿಕಿ ಮಾಡಿಸಿ..."

ಮೈಕು ಸತ್ತಿತು. ಯಾರೋ ತಂತಿ ಕಿತ್ತಿದ್ದರು. ಆದರೆ ಅಕ್ಕೋರು ಜೀವಮಾನವೆಲ್ಲ ಮೈಕಿಲ್ಲದೆ ಕಲಿಸಿದವರು. ಮೈಕನ್ನು ಮೇಜಿನ ಮೇಲಿಟ್ಟು ಅದೇ ಮಾತನ್ನು ಹಿಂದಿನ ಸಾಲಿಗೂ ಕೇಳುವಂತೆ ಮುಗಿಸಿದರು. ಚೀಲದಿಂದ ಒಂದು ಕಟ್ಟು ಪೆನ್ಸಿಲ್, ಬಿಳಿ ಹಾಳೆ ತೆಗೆದರು. ವೇದಿಕೆಯ ಮೆಟ್ಟಿಲಿಳಿದು ಬಂದು ಮುಂದಿನ ಸಾಲಿನವರಿಗೆ ಹಂಚತೊಡಗಿದರು.

"ನನ್ನ ಮಾತು ನಂಬಬ್ಯಾಡ್ರಿ. ಈ ಮಕ್ಕಳಿಗೆ ಅವರವರ ಎಡಗೈ ಚಿತ್ರಾ ಬರೀರಿ ಅನ್ರಿ. ನೀವ ನೋಡ್ರಿ."

ಹಾಳೆ ಹಿಡಿದ ಹುಡುಗ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ರೇಣುಕಾ ಮಾತ್ರ ಬರೆಯಲು ಬಾಗಿದಳು. ಮಿಕ್ಕವರಲ್ಲಿ ಒಬ್ಬ ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡ. ಒಬ್ಬಳು ಅಳತೊಡಗಿದಳು. ಆ ಅಳು ಕೇಳಿ ಅಕ್ಕೋರು ಹಂಚುವುದನ್ನು ನಿಲ್ಲಿಸಿದರು. ಅವಳ ಪಕ್ಕದಲ್ಲಿ ಕೂತು ಏನೋ ಹೇಳಿದರು. ಅದು ನನಗೆ ಕೇಳಿಸಲಿಲ್ಲ. ನಿರ್ದೇಶಕ ನಗುತ್ತಲೇ, "ಅಕ್ಕೋರಿಗೆ ವಯಸ್ಸಾಗಿದೆ, ಊಟ ತಯಾರಿದೆ, ಎಲ್ಲರೂ ಬನ್ನಿ" ಎಂದ. ಜನ ಗೊಂದಲದಲ್ಲಿ ಎದ್ದರು. ಕೆಲವರು ಊಟಕ್ಕೆ ಹೋದರು, ಕೆಲವರು ಮಕ್ಕಳ ಕೈ ಹಿಡಿದು ಬಸ್ ನಿಲ್ದಾಣದ ಕಡೆ ಹೋದರು. ಅಕ್ಕೋರು ಬಾಗಿಲಲ್ಲಿ ನನ್ನನ್ನು ಕಂಡು ನಿಂತರು.

"ನೀನೂ ಕೇಳಿದಿಲ್ಲೋ?"

"ಕೇಳಿದೆನ್ರಿ."

"ಹಂಗಾರ ನಾಳೆ ಓದ್ತೇನಿ" ಎಂದು ಹೋದರು.

ಕಚೇರಿಯಲ್ಲಿ ಶಿವಯೋಗಪ್ಪನವರು ಕಾಯುತ್ತಿದ್ದರು. "ಕಾರ್ಯಕ್ರಮ ಚಲೋ ಆತು ಅಂತ ಬರಿ. ಮೂರು ಕಾಲಂ. ಫೋಟೋ ಹಾರ ಹಾಕಿದ್ದ ಇರಲಿ" ಎಂದರು. ಬೆದರಿಸಲಿಲ್ಲ, ಕೆಲಸ ಹೋಗುತ್ತದೆ ಎನ್ನಲಿಲ್ಲ. ಹಾಗೇನಾದರೂ ಅಂದಿದ್ದರೆ ನನಗೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ನಾನು ಕೂತು ಬರೆದೆ. "ಕಿಕ್ಕಿರಿದ ಸಭೆಯಲ್ಲಿ ಮಾತನಾಡಿದ ಶಿಕ್ಷಕಿ ಶಕುಂತಲಾ ಅವರು ಗ್ರಾಮೀಣ ಪ್ರತಿಭೆಗಳಿಗೆ ಕೇಂದ್ರವು ನೀಡುತ್ತಿರುವ ಅವಕಾಶವನ್ನು ಶ್ಲಾಘಿಸಿದರು. ವಿದ್ಯಾರ್ಥಿಗಳಿಗೆ ಪೆನ್ಸಿಲ್ ವಿತರಿಸಿ ಶುಭ ಹಾರೈಸಿದರು." ಹತ್ತು ನಿಮಿಷ ಹಿಡಿಯಿತು. ಒಂದು ಪದಕ್ಕೂ ತಡವರಿಸಲಿಲ್ಲ. ಪೆನ್ಸಿಲ್ ವಿತರಿಸಿ ಎಂಬ ಮಾತು ಹೊಳೆದಾಗ ಎಷ್ಟು ಚೆನ್ನಾಗಿ ಕೂತಿತು ಎಂದು ಒಳಗೊಳಗೇ ಮೆಚ್ಚಿಕೊಂಡೆ ಕೂಡ.

ತಿಂಗಳ ಕೊನೆಗೆ ನಾಮನಿರ್ದೇಶನಗಳು ಬಂದವು. ಅಕ್ಕೋರು ಹೇಳಿದ ಮೂರೂ ಸರಿ, ಹಿಮದ ಮುದುಕಿಯೂ ಸೇರಿ. ಆ ಸುದ್ದಿಯೊಂದಿಗೆ ಅವರ ಫೋಟೋ ಇದ್ದ ಕೇಂದ್ರದ ಇನ್ನೊಂದು ಜಾಹೀರಾತೂ ಬಂತು.

ಆ ಭಾನುವಾರ ಬ್ಯಾಡಗಿಗೆ ಹೋದೆ. ಬಾಗಿಲು ತೆರೆದೇ ಇತ್ತು. ಟಿವಿ ಆರಿತ್ತು. ರೇಣುಕಾ ನೆಲದ ಮೇಲೆ ಬೋರಲು ಮಲಗಿ ಕೋಳಿಯ ಕಾಲು ಬರೆಯುತ್ತಿದ್ದಳು. ಅಕ್ಕೋರು ಅವಳ ಬಳಿ ಕೂತು ಪೆನ್ಸಿಲ್ ಕೆತ್ತುತ್ತಿದ್ದರು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹೊಸ್ತಿಲ ಮೇಲೆ ಕೂತೆ.

"ನನ್ನ ಮ್ಯಾಲೆ ಸಿಟ್ಟು ಬಂದೈತೇನ್ರಿ?" ಎಂದೆ.

"ಸಿಟ್ಟು ಬಂದಿದ್ರ ನಾಕು ಬೈದು ಚಾ ಕೊಡ್ತಿದ್ದೆ" ಎಂದರು ಪೆನ್ಸಿಲಿನ ಮೊನೆ ನೋಡುತ್ತ. "ಪೇಪರ್ ಓದಿದೆ. ಹೇಸಿಗಿ ಬಂತು. ನಿನ್ನ ಕಂಡ್ರ ಈಗೂ ಬರತೈತಿ. ಅದು ನನ್ನ ಕೈಯಾಗಿಲ್ಲ, ಮಂಗಲಾ. ಹೋಗು. ಈ ಹೇಸಿಗಿ ಹೋದ ದಿನಾ ಹೇಳಿ ಕಳಸ್ತೇನಿ."

ಹೇಳಿ ಕಳಿಸಲಿಲ್ಲ.

ಕೇಂದ್ರ ಮುಂದಿನ ದಸರೆಯೊಳಗೆ ಮುಚ್ಚಿತು. ನಿರ್ದೇಶಕ ಕಂಪ್ಯೂಟರುಗಳನ್ನು ಲಾರಿಗೆ ಹಾಕಿಸಿ ಯಾವ ಊರಿಗೆ ಹೋದನೋ ತಿಳಿಯದು. ವಿದ್ಯಾರ್ಥಿಗಳು ಒಂದು ವಾರ ಬೀಗದ ಮುಂದೆ ನಿಂತಿದ್ದು ಅವರವರ ಊರಿಗೆ ಚದುರಿದರು. ಆ ಸುದ್ದಿಯನ್ನು ನಮ್ಮ ಪತ್ರಿಕೆ ಹಾಕಲಿಲ್ಲ. ನಾನು ಆ ಪತ್ರಿಕೆಯಲ್ಲಿ ಇನ್ನೂ ಮೂರು ವರ್ಷ ಇದ್ದೆ. ಇದನ್ನೂ ಹೇಳಬೇಕು. ರೇಣುಕಾ ರಜೆಯ ದಿನಗಳಲ್ಲೆಲ್ಲ ಬ್ಯಾಡಗಿಗೆ ಬಂದು ಅಕ್ಕೋರ ಬಳಿ ಕಲಿತಳು. ಬಿಟ್ಟ ಪರೀಕ್ಷೆ ಕಟ್ಟಿ ಪಾಸಾದಳು, ಆಮೇಲೆ ಚಿತ್ರಕಲಾ ಶಿಕ್ಷಕರ ತರಬೇತಿ ಮುಗಿಸಿದಳು. ಈಗ ಹಳ್ಳಿಯೊಂದರ ಶಾಲೆಯಲ್ಲಿ ಅವಳೂ ಅಕ್ಕೋರೇ.

ಕೊನೆಯ ಸಲ ಅವರನ್ನು ಕಂಡದ್ದು ಬ್ಯಾಡಗಿಯ ರೈಲು ನಿಲ್ದಾಣದಲ್ಲಿ. ನಿವೃತ್ತರಾಗಿದ್ದರು. ಒಂದು ಕಣ್ಣಿಗೆ ಪೊರೆ ಬಂದಿತ್ತು. ತೋರಿಸಲು ರಾಣೆಬೆನ್ನೂರಿಗೆ ಹೊರಟಿದ್ದರು. ಬೆಂಚಿನ ಈ ತುದಿಗೆ ಕೂತೆ.

"ಈಗ ಹೆಸರು ಹಾಕೂದಿಲ್ಲೇನ್ರಿ ಜನವರಿಯಾಗ?" ಎಂದೆ.

"ಹಾಕ್ತೇನಿ. ಯಾರಿಗೂ ಹೇಳಂಗಿಲ್ಲ."

ಪ್ಯಾಸೆಂಜರ್ ರೈಲಿನ ಕೂಗು ದೂರದಿಂದ ಕೇಳಿತು. ಇನ್ನು ಸಮಯವಿಲ್ಲವೆಂದು, "ಅಕ್ಕೋರ, ಅವತ್ತು ಬರದದ್ದು ತಪ್ಪಾತ್ರಿ" ಎಂದುಬಿಟ್ಟೆ.

ಅವರು ನನ್ನ ಕಡೆ ತಿರುಗಿದರು. ಚೆನ್ನಾಗಿದ್ದ ಕಣ್ಣಿನಿಂದ ನೋಡಲು ತಲೆಯನ್ನು ಸ್ವಲ್ಪ ಓರೆ ಮಾಡಬೇಕಾಯಿತು.

"ನನ್ನ ಮುಂದ ಅಂದ್ರ ಏನ್ ಬಂತು? ಆ ಸುದ್ದಿ ನಾ ಒಬ್ಬಾಕೀನ ಓದಿಲ್ಲ" ಎಂದರು. ರೈಲು ಬಂತು. ಚೀಲ ಎತ್ತಿಕೊಡಲು ಕೈ ಚಾಚಿದೆ. ಅವರು ತಾವೇ ಎತ್ತಿಕೊಂಡು ಹತ್ತಿದರು.

ಮರುವರ್ಷ ತೀರಿಕೊಂಡರು. ನನಗೆ ತಿಳಿದದ್ದು ಹದಿನೈದು ದಿನಗಳ ಮೇಲೆ, ರೇಣುಕಾಳಿಂದ. ಆ ಹೊತ್ತಿಗೆ ನಮ್ಮ ಪತ್ರಿಕೆಯೂ ನಿಂತುಹೋಗಿತ್ತು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಬ್ಯಾಡಗಿಯ ಚಿತ್ರಕಲಾ ಶಿಕ್ಷಕಿ ಕುಮಾರಿ ಶಕುಂತಲಾ ಅವರಿಗೂ ಹಾವೇರಿಯ ಆ ತರಬೇತಿ ಕೇಂದ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಕಾರ್ಯಕ್ರಮದ ದಿನ ಅವರು ಕೇಂದ್ರವನ್ನು ಶ್ಲಾಘಿಸಲಿಲ್ಲ. ಶ್ಲಾಘಿಸಿದರೆಂದು ಬರೆದವಳು ನಾನು.